ಗಿಡ ಬಾಡಿದಾಗ ಮೊದಲು ಮಣ್ಣನ್ನು ಮುಟ್ಟಿ ನೋಡಿ

ಕುಂಡದಲ್ಲಿರುವ ಗಿಡದ ಎಲೆಗಳು ಹಳದಿಯಾಗಿ ಜೋತುಬಿದ್ದರೆ ನಮ್ಮಲ್ಲಿ ಹೆಚ್ಚಿನವರ ಕೈ ತಾನಾಗಿಯೇ ನೀರಿನ ಚೊಂಬಿನತ್ತ ಹೋಗುತ್ತದೆ. ನೀರು ಹಾಕಿಯೂ ಗಿಡ ಚೇತರಿಸಿಕೊಳ್ಳದಿದ್ದರೆ ಒಂದು ಹಿಡಿ ಗೊಬ್ಬರ ಬೀಳುತ್ತದೆ, ಅದೂ ಫಲಿಸದಿದ್ದರೆ ಯಾವುದಾದರೊಂದು ಔಷಧಿಯ ಸಿಂಪಡಣೆಯಾಗುತ್ತದೆ. ಮೂರು ವಾರಗಳೊಳಗೆ ಗಿಡ ಸತ್ತಿರುತ್ತದೆ. ಯಾವುದರಿಂದ ಸತ್ತಿತು ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಕೈತೋಟಕ್ಕೆ ಕೈಹಾಕಿದ ಮೊದಲ ಎರಡು ವರ್ಷಗಳಲ್ಲಿ ನಾನು ಕಳೆದುಕೊಂಡ ಗಿಡಗಳ ಪೈಕಿ ಬಹುಪಾಲು ಸತ್ತದ್ದು ರೋಗದಿಂದಲ್ಲ, ನನ್ನ ಆರೈಕೆಯಿಂದ. ಆ ಬಳಿಕ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಬೆರಳಿಗೆ ಮಣ್ಣು ತಾಗಿಸಿ ಹಸಿಯೋ ಒಣಗಿದೆಯೋ ಎಂದು ನೋಡುವ ಮೊದಲು, ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಚಿಗುರೋ ಎಂದು ಗುರುತಿಸುವ ಮೊದಲು, ಎಲೆಯನ್ನು ತಿರುಗಿಸಿ ಅದರ ಬೆನ್ನನ್ನು ಪರೀಕ್ಷಿಸುವ ಮೊದಲು ಗಿಡಕ್ಕೆ ಏನನ್ನೂ ಕೊಡಬಾರದು. ಮುಂದೆ ಹೇಳಿರುವ ಸಲಹೆಗಳೆಲ್ಲವೂ ಈ ಮೂರು ನೋಟಗಳಿಂದಲೇ ಹೊರಟವು.

ನೀರಿನ ಲೆಕ್ಕ

ನೀರು ಕಡಿಮೆಯಾದ ಗಿಡವೂ ಬಾಡುತ್ತದೆ, ನೀರು ಹೆಚ್ಚಾದ ಗಿಡವೂ ಬಾಡುತ್ತದೆ. ಎರಡನ್ನೂ ಮೇಲಿನಿಂದ ನೋಡಿ ಬೇರ್ಪಡಿಸುವುದು ಕಷ್ಟ. ಬೇರುಗಳು ಉಸಿರಾಡುವುದು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ. ಆ ಸಂದುಗಳಲ್ಲಿ ನೀರು ತುಂಬಿ ನಿಂತರೆ ಆಮ್ಲಜನಕ ಬೇರಿಗೆ ತಲುಪುವುದಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರು ನೀರನ್ನು ಹೀರಲಾರದು. ಹೀಗಾಗಿ ನೀರಿನಲ್ಲಿ ನಿಂತಿರುವ ಗಿಡವೇ ಬಾಯಾರಿದ ಗಿಡದಂತೆ ಜೋತುಬೀಳುತ್ತದೆ, ನಾವು ಮತ್ತಷ್ಟು ನೀರು ಸುರಿಯುತ್ತೇವೆ, ದುರ್ಬಲವಾದ ಬೇರಿಗೆ ಕೊಳೆ ತರುವ ಶಿಲೀಂಧ್ರದಂಥ ಜೀವಿಗಳು ಅಂಟಿಕೊಳ್ಳುತ್ತವೆ.

ಆದ್ದರಿಂದ ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ. ಮೇಲ್ಪದರ ಬಿಳಿಚಿಕೊಂಡು ಒಣಗಿದಂತೆ ಕಂಡರೂ ಎರಡನೆಯ ಗೆಣ್ಣಿನ ಬಳಿ ತಂಪು ತಾಗಿದರೆ ಹೆಚ್ಚಿನ ಗಿಡಗಳಿಗೆ ಆ ದಿನ ನೀರು ಬೇಡ. ಸಣ್ಣ ಕುಂಡಗಳಾದರೆ ಎತ್ತಿ ನೋಡುವುದು ಇನ್ನೂ ಒಳ್ಳೆಯ ವಿಧಾನ. ನೀರು ಹಾಕಿದ ಕೂಡಲೇ ಒಮ್ಮೆ, ಎರಡು ದಿನ ಬಿಟ್ಟು ಮತ್ತೊಮ್ಮೆ ಎತ್ತಿದರೆ ಕೈಗೆ ತೂಕದ ಅಂದಾಜು ಸಿಗುತ್ತದೆ, ಒಂದು ತಿಂಗಳಲ್ಲಿ ಆ ಅಂದಾಜು ಯಾವ ಉಪಕರಣಕ್ಕಿಂತಲೂ ನಂಬಿಕೆಗೆ ಅರ್ಹವಾಗುತ್ತದೆ. ದಿನಕ್ಕೊಂದು ಲೋಟ ಎಂಬಂತಹ ನಿಗದಿಯನ್ನು ನಾನು ಒಪ್ಪುವುದಿಲ್ಲ. ಬಿಸಿಲು, ಗಾಳಿ, ಕುಂಡದ ಗಾತ್ರ, ಗಿಡದ ಪ್ರಾಯ ಇವೆಲ್ಲ ಬದಲಾಗುತ್ತಿರುವಾಗ ಲೋಟವೊಂದೇ ಬದಲಾಗದೆ ಉಳಿಯುವುದರಲ್ಲಿ ಅರ್ಥವಿಲ್ಲ. ಹಾಕುವಾಗ ತಳದ ರಂಧ್ರದಿಂದ ನೀರು ಹೊರಬರುವವರೆಗೂ ಹಾಕಬೇಕು, ಆಮೇಲೆ ಮಣ್ಣು ಆರುವವರೆಗೆ ಸುಮ್ಮನಿರಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿಬಿಡಿ.

ಕುಂಬಳದಂತಹ ಅಗಲ ಎಲೆಯ ಗಿಡಗಳು ನಡು ಮಧ್ಯಾಹ್ನ ಜೋತುಬಿದ್ದು ಸಂಜೆಗೆ ತಾವಾಗಿಯೇ ನೆಟ್ಟಗಾಗುತ್ತವೆ; ಬೇರು ಹೀರುವ ವೇಗಕ್ಕಿಂತ ಎಲೆ ಆವಿಯಾಗಿಸುವ ವೇಗ ಹೆಚ್ಚಾದಾಗ ಹೀಗಾಗುವುದು ಸಹಜ. ಬೆಳಗಿನ ಜಾವದಲ್ಲೂ ಬಾಡಿಯೇ ಇರುವ ಗಿಡದ ಬಗ್ಗೆ ಮಾತ್ರ ಯೋಚಿಸಬೇಕು.

ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಬೇರನ್ನು ನೋಡದೆ ಬೇರೆ ದಾರಿಯಿಲ್ಲ. ಕುಂಡವನ್ನು ಮಗ್ಗುಲಾಗಿಸಿ, ಬುಡವನ್ನು ಬೆರಳುಗಳ ನಡುವೆ ಹಿಡಿದು, ಮಣ್ಣಿನ ಹೆಂಟೆಯನ್ನು ಇಡಿಯಾಗಿ ಹೊರಗೆಳೆಯಿರಿ. ಆರೋಗ್ಯವಂತ ಬೇರು ಬಿಳಿಯ ಅಥವಾ ಕೆನೆ ಬಣ್ಣದ್ದಾಗಿದ್ದು ಎಳೆದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿರುತ್ತದೆ, ಕೆಟ್ಟ ವಾಸನೆ ಬರುತ್ತದೆ; ಎರಡು ಬೆರಳುಗಳಿಂದ ಮೆಲ್ಲನೆ ಎಳೆದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ದಾರದಂತಹ ನಾರಷ್ಟೇ ಗಿಡದಲ್ಲಿ ಉಳಿಯುತ್ತದೆ. ಅಂತಹ ಬೇರುಗಳನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಲ್ಲಿ ಕತ್ತರಿಸಿ, ಉಳಿದ ಬೇರಿನ ಅಳತೆಗೆ ತಕ್ಕ ಸಣ್ಣ ಕುಂಡದಲ್ಲಿ ಹೊಸ ಮಣ್ಣಿಗೆ ನೆಟ್ಟು, ನೆರಳಿನಲ್ಲಿಟ್ಟು, ಎಲೆಗಳ ಮೂರನೆಯ ಒಂದು ಭಾಗವನ್ನು ಕಡಿಮೆ ಮಾಡಿ ಕಾಯಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಸೋಕಿಸಬೇಡಿ. ಅರ್ಧಕ್ಕಿಂತ ಹೆಚ್ಚು ಬೇರು ಉಳಿದಿದ್ದರೆ ಗಿಡ ಬದುಕುವ ಸಂಭವ ಚೆನ್ನಾಗಿದೆ, ಇಲ್ಲವಾದರೆ ಗಟ್ಟಿ ರೆಂಬೆಯೊಂದನ್ನು ಕತ್ತರಿಸಿ ಬೇರುಬರಿಸಲು ಇಡುವುದೇ ಲೇಸು.

ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರುಗಳನ್ನು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ತಪ್ಪು. ನುಣುಪು ಕಣಗಳ ಪದರದಿಂದ ಒರಟು ಕಣಗಳ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಅದು ಗಡಿಯಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಜೌಗು ಪದರ ಬೇರಿನ ಸಮೀಪಕ್ಕೆ ಏರುತ್ತದೆ. ರಂಧ್ರದಿಂದ ಮಣ್ಣು ಜಾರದಂತೆ ಒಂದು ತುಂಡು ಸೊಳ್ಳೆಪರದೆಯ ಬಲೆಯನ್ನೋ ತೆಂಗಿನ ನಾರನ್ನೋ ಇಟ್ಟರೆ ಸಾಕು. ಬಸಿಯುವ ಗುಣ ಬರಬೇಕಾದದ್ದು ಮಣ್ಣಿನ ಮಿಶ್ರಣದಿಂದ. ಹೆಚ್ಚಿನ ತರಕಾರಿ ಮತ್ತು ಹೂಗಿಡಗಳಿಗೆ ತೋಟದ ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಇವನ್ನು ಸಮಪಾಲಿನಲ್ಲಿ ಬೆರೆಸಿ, ಮಣ್ಣು ಜೇಡಿಯಾಗಿದ್ದರೆ ಅದರ ಪಾಲನ್ನು ತಗ್ಗಿಸಿ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿಸಿ. ಹಿಡಿಯಲ್ಲಿ ಒತ್ತಿದಾಗ ಉಂಡೆ ಕಟ್ಟಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ತೆಂಗಿನ ನಾರಿನ ಪುಡಿ ಹೆಚ್ಚಾಗಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡರೆ, ಹಾಕಿದ ನೀರೆಲ್ಲ ಆ ಸಂದಿನಿಂದ ಜಾರಿ ತಳದಲ್ಲಿ ಹೊರಬರುತ್ತದೆ. ನೋಡುವವರಿಗೆ ನೀರು ಹೇರಳವಾಗಿ ಸಿಕ್ಕಿದಂತೆ ಕಾಣುತ್ತದೆ, ನಡುವಿನ ಹೆಂಟೆ ಮಾತ್ರ ಒಣಗಿಯೇ ಇರುತ್ತದೆ. ಅಂತಹ ಕುಂಡವನ್ನು ನೀರು ತುಂಬಿದ ಬಕೆಟ್‌ನಲ್ಲಿ ಗುಳ್ಳೆಗಳು ನಿಲ್ಲುವವರೆಗೆ ಮುಳುಗಿಸಿಡಬೇಕು. ಕುಂಡದ ಅಂಚಿನಲ್ಲಿ ಅಥವಾ ಮಣ್ಣಿನ ಮೇಲೆ ಬಿಳಿ ಹೆಕ್ಕಳೆ ಕಟ್ಟಿದ್ದರೆ ಅದು ಲವಣ. ಗೊಬ್ಬರ ಹೆಚ್ಚಾಗಿದೆ ಅಥವಾ ನೀರು ಗಡುಸಾಗಿದೆ ಎಂದರ್ಥ. ಹೆಕ್ಕಳೆಯನ್ನು ಕೆರೆದು ತೆಗೆದು, ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹರಿಸಿ ತೊಳೆದುಬಿಡಿ.

ನಡು ಮಧ್ಯಾಹ್ನ ಎಲೆಯ ಮೇಲೆ ನೀರು ಬಿದ್ದರೆ ಹನಿಗಳು ಭೂತಗನ್ನಡಿಯಂತೆ ಬಿಸಿಲನ್ನು ಕೇಂದ್ರೀಕರಿಸಿ ಎಲೆ ಸುಡುತ್ತವೆ ಎಂಬ ಮಾತನ್ನು 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರು. ನುಣುಪಾದ ಎಲೆಗಳ ಮೇಲೆ ಕೂತ ಹನಿ ಅವನ್ನು ಸುಡುವುದಿಲ್ಲವೆಂದೂ, ಮೇಣದಂತಹ ರೋಮಗಳು ಹನಿಯನ್ನು ಎಲೆಯಿಂದ ಎತ್ತಿ ಹಿಡಿಯುವ ಸಸ್ಯಗಳಲ್ಲಿ ಮಾತ್ರ ಅದು ಸಾಧ್ಯವೆಂದೂ ಅವರು ಕಂಡುಕೊಂಡರು. ಬೆಳಿಗ್ಗೆ ನೀರು ಹಾಕಬೇಕೆನ್ನುವುದಕ್ಕೆ ನಿಜವಾದ ಕಾರಣ ಬೇರೆ: ಹಗಲಿಗೆ ಬೇಕಾದ ನೀರು ಗಿಡಕ್ಕೆ ಮೊದಲೇ ಸಿಗುತ್ತದೆ, ರಾತ್ರಿಯಾಗುವಷ್ಟರಲ್ಲಿ ಎಲೆಗಳು ಒಣಗಿರುತ್ತವೆ.

ಹಳದಿ ಎಲ್ಲಿಂದ ಶುರುವಾಯಿತು?

ಎಲೆ ಹಳದಿಯಾಗಿದೆ ಎಂಬುದು ಅರ್ಧ ಮಾಹಿತಿ. ಯಾವ ಎಲೆ ಎಂಬುದು ಉಳಿದರ್ಧ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡಬಲ್ಲ ಪೋಷಕಾಂಶಗಳು. ಕೊರತೆಯಾದಾಗ ಗಿಡ ಅವನ್ನು ಹಳೆಯ ಎಲೆಗಳಿಂದ ಕಿತ್ತು ಹೊಸ ಚಿಗುರಿಗೆ ಸಾಗಿಸುತ್ತದೆ, ಆದ್ದರಿಂದ ಬುಡದ ಎಲೆಗಳು ಮೊದಲು ಬಣ್ಣಗೆಡುತ್ತವೆ. ಇಡೀ ಎಲೆ ಒಂದೇ ಸಮನಾಗಿ ತಿಳಿಹಳದಿಯಾದರೆ ಸಾರಜನಕದ ಕೊರತೆ. ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ. ಅಂಚು ಮಾತ್ರ ಸುಟ್ಟಂತೆ ಕಂದಾದರೆ ಪೊಟ್ಯಾಷ್ ಕೊರತೆ ಇರಬಹುದು, ಲವಣ ಹೆಚ್ಚಾಗಿಯೂ ಇರಬಹುದು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಹಾಗಲ್ಲ. ಒಮ್ಮೆ ಸೇರಿದಲ್ಲಿಂದ ಅವು ಕದಲುವುದಿಲ್ಲ. ತುದಿಯ ಎಳೆ ಎಲೆಗಳೇ ಹಳದಿಯಾಗಿ, ಹಸಿರು ನರಗಳು ಬಲೆ ಹೆಣೆದಂತೆ ಎದ್ದು ಕಂಡರೆ ಅದು ಕಬ್ಬಿಣದ ಕೊರತೆ. ನಿಂಬೆ, ಗುಲಾಬಿ, ದಾಸವಾಳಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಹೆಚ್ಚಿನ ಬಾರಿ ಮಣ್ಣಿನಲ್ಲಿ ಕಬ್ಬಿಣವಿರುತ್ತದೆ, ಆದರೆ ಮಣ್ಣು ಕ್ಷಾರವಾಗಿ ಪಿಎಚ್ (ಹುಳಿ, ಕ್ಷಾರಗಳ ಅಳತೆ) 7ನ್ನು ಮೀರಿದಂತೆಲ್ಲ ಬೇರಿಗೆ ಅದು ದಕ್ಕುವುದಿಲ್ಲ. ತುಕ್ಕುಹಿಡಿದ ಮೊಳೆಯನ್ನು ಮಣ್ಣಿನಲ್ಲಿ ಹೂಳುವುದರಿಂದ ಏನೂ ಆಗುವುದಿಲ್ಲ, ಏಕೆಂದರೆ ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಚಿಲೇಟೆಡ್ ಕಬ್ಬಿಣವನ್ನು, ಅಂದರೆ ಗಿಡ ಸುಲಭವಾಗಿ ಹೀರಬಲ್ಲ ರೂಪದ ಕಬ್ಬಿಣವನ್ನು, ಎಲೆಗಳಿಗೆ ಸಿಂಪಡಿಸಿದರೆ ತಾತ್ಕಾಲಿಕ ಪರಿಹಾರ ಸಿಗುತ್ತದೆ. ಕಾಂಪೋಸ್ಟ್ ಸೇರಿಸುತ್ತ ಮಣ್ಣನ್ನು 6ರಿಂದ 6.8ರ ಪಿಎಚ್ ಆಸುಪಾಸಿಗೆ ತರುವುದು ನಿಧಾನವಾದರೂ ನಿಲ್ಲುವ ಪರಿಹಾರ.

ಇನ್ನು ಎಪ್ಸಮ್ ಉಪ್ಪು. ಅದು ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕೊರತೆಯಿದ್ದರೆ ಔಷಧಿ, ಇಲ್ಲದಿದ್ದರೆ ವ್ಯರ್ಥ ಮಾತ್ರವಲ್ಲ, ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿ. ಯಾವ ಗಿಡಕ್ಕೂ ಯಾವ ತೊಂದರೆಗೂ ಅದನ್ನೇ ಹಾಕಿರೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ಹಸಿ ಸಗಣಿಯನ್ನೂ ಅರೆಕಳಿತ ಕಾಂಪೋಸ್ಟನ್ನೂ ನೇರವಾಗಿ ಬುಡಕ್ಕೆ ಹಾಕುವುದು ಇದೇ ಸಾಲಿನ ತಪ್ಪು. ಕೊಳೆಯುವಾಗ ಹುಟ್ಟುವ ಬಿಸಿ ಮತ್ತು ಅಮೋನಿಯ ಎಳೆಬೇರನ್ನು ಸುಡುತ್ತವೆ. ಕಳಿತ ಕಾಂಪೋಸ್ಟ್‌ಗೆ ಮಳೆ ಬಿದ್ದ ಮಣ್ಣಿನ ವಾಸನೆಯಿರುತ್ತದೆ. ಕಾಂಪೋಸ್ಟ್ ತೊಟ್ಟಿ ನಾರುತ್ತಿದ್ದರೆ ಒಣ ಎಲೆ ಸೇರಿಸಿ ಕೆದಕಿ.

ಹೂವಿದೆ, ಕಾಯಿಲ್ಲ

ತರಕಾರಿ ಬೆಳೆಯುವವರ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹೀರೆ, ಹಾಗಲ, ಸೋರೆ, ಕುಂಬಳ, ಸೌತೆ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲ ಒಂದೆರಡು ವಾರ ಸಾಮಾನ್ಯವಾಗಿ ಗಂಡು ಹೂಗಳೇ ಬಿಟ್ಟು ಉದುರುತ್ತವೆ, ಅದರಿಂದ ಕಳವಳಪಡಬೇಕಾಗಿಲ್ಲ. ಹೆಣ್ಣು ಹೂವಿನ ಎಸಳುಗಳ ಕೆಳಗೆ ಆ ಜಾತಿಯ ಕಾಯಿಯ ಪುಟ್ಟ ರೂಪ ಅಂಟಿಕೊಂಡಿರುತ್ತದೆ. ಗಂಡು ಹೂವಿಗೆ ಬರಿಯ ತೊಟ್ಟು. ಹೀಚು ಹಳದಿಯಾಗಿ ಕೊಳೆತು ಉದುರಿದರೆ ಪರಾಗಸ್ಪರ್ಶವಾಗಿಲ್ಲವೆಂದೇ ತಿಳಿಯಬೇಕು. ಆಗ ಅಂದೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಭಾಗಕ್ಕೆ ಮೃದುವಾಗಿ ಸವರಬೇಕು. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂಗಳಿಗೆ ಸಾಕಾಗುತ್ತದೆ.

ಇದರಲ್ಲಿ ಹೊತ್ತು ಮುಖ್ಯ. ಕುಂಬಳ, ಸೌತೆಗಳ ಹೂವು ಬೆಳಿಗ್ಗೆ ಅರಳುತ್ತದೆ. ಸೋರೆಯ ಬಿಳಿ ಹೂವೂ ಹೀರೆಯ ಹಳದಿ ಹೂವೂ ಸಂಜೆಗೆ ಅರಳುತ್ತವೆ. ಇದು ತಿಳಿಯದೆ ನಾನು ಒಂದು ವಾರವಿಡೀ ಬೆಳಿಗ್ಗೆ ಏಳುತ್ತಲೇ ಸೋರೆ ಬಳ್ಳಿಯ ಮುಂದೆ ನಿಂತು, ಮುದುಡಿದ ಹೂಗಳನ್ನು ಬಿಡಿಸಿ ಬಿಡಿಸಿ ಪರಾಗ ಸವರಿ, ಒಂದು ಹೀಚನ್ನೂ ಉಳಿಸಿಕೊಳ್ಳಲಾಗದೆ ಬಿತ್ತನೆ ಬೀಜವನ್ನು ದೂಷಿಸಿದ್ದೆ. ಒಂದು ಸಂಜೆ ಏಳು ಗಂಟೆಗೆ ಬೇರಾವುದೋ ಕೆಲಸಕ್ಕೆ ಅತ್ತ ಹೋದಾಗ ಬಳ್ಳಿಯ ತುಂಬ ಬಿಳಿ ಹೂಗಳು ಅರಳಿ ನಿಂತಿದ್ದವು.

ಟೊಮೆಟೊ, ಬದನೆ, ಮೆಣಸಿನ ಗಿಡಗಳಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಒಂದೇ ಹೂವಿನಲ್ಲಿರುತ್ತವೆ, ಪರಾಗ ಉದುರಲು ಅದುರಿಕೆಯಷ್ಟೇ ಬೇಕು. ಗಾಳಿಯಾಡದ ಬಾಲ್ಕನಿಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಹೂಗೊಂಚಲಿನ ಕಾಂಡವನ್ನು ಬೆರಳಿನಿಂದ ತಟ್ಟಿದರೆ ಆ ಕೆಲಸವಾಗುತ್ತದೆ. ಆದರೂ ಟೊಮೆಟೊ ಹೂವು ಉದುರುತ್ತಿದ್ದರೆ ತಾಪಮಾನ ನೋಡಿ. ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ, ರಾತ್ರಿ 24ಕ್ಕಿಂತ ಕೆಳಗಿಳಿಯದಿದ್ದರೆ ಅಥವಾ 12ಕ್ಕಿಂತಲೂ ಕೆಳಗಿಳಿದರೆ ಪರಾಗ ನಿಸ್ಸತ್ವವಾಗುತ್ತದೆ. ಇದಕ್ಕೆ ಸಿಂಪಡಣೆಗಳಿಂದ ಹೆಚ್ಚು ಪ್ರಯೋಜನವಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೆರಳುಪರದೆ ಕಟ್ಟಿ, ಹವೆ ಬದಲಾಗುವವರೆಗೆ ಗಿಡವನ್ನು ಜೀವಂತವಾಗಿ ಇಟ್ಟುಕೊಳ್ಳುವುದಷ್ಟೇ ಕೆಲಸ. ಗಿಡ ಎದೆಯೆತ್ತರ ಬೆಳೆದು ಕಡುಹಸಿರಾಗಿದ್ದು ಹೂವೇ ಬಿಡದಿದ್ದರೆ ಸಾರಜನಕ ಮಿತಿಮೀರಿದೆ ಅಥವಾ ಬಿಸಿಲು ಸಾಲುತ್ತಿಲ್ಲ.

ಟೊಮೆಟೊ ಕಾಯಿಯ ತಳದಲ್ಲಿ ಕಪ್ಪಗೆ ಚರ್ಮದಂತೆ ತಗ್ಗಾದ ಕಲೆ ಮೂಡುವುದನ್ನು ಬಹಳ ಮಂದಿ ರೋಗವೆಂದು ಭಾವಿಸಿ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಅದು ರೋಗವಲ್ಲ, ಬೆಳೆಯುತ್ತಿರುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಅಲ್ಲಿನ ಜೀವಕೋಶಗಳು ಕುಸಿದಿರುವ ಗುರುತು. ಕ್ಯಾಲ್ಸಿಯಂ ನೀರಿನ ಹರಿವಿನ ಜೊತೆಗೇ ಸಾಗುತ್ತದೆ, ಆದ್ದರಿಂದ ಮೂರು ದಿನ ಒಣಗಿಸಿ ನಾಲ್ಕನೆಯ ದಿನ ಮುಳುಗಿಸುವ ನೀರುಣಿಕೆಯೇ ಹೆಚ್ಚಿನ ಕಡೆ ಇದಕ್ಕೆ ಮೂಲ. ಮೊಟ್ಟೆಯ ಚಿಪ್ಪನ್ನು ಬುಡಕ್ಕೆ ಹಾಕಿದರೆ ಅದು ಕರಗಲು ವರ್ಷಗಳೇ ಬೇಕಾಗುವುದರಿಂದ ಈ ಬೆಳೆಗೆ ಪ್ರಯೋಜನವಿಲ್ಲ. ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಒಣ ಎಲೆಯ ಹೊದಿಕೆ ಹಾಕಿ, ತೇವವನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಂಡರೆ ಮುಂದಿನ ಕಾಯಿಗಳು ಸರಿಯಾಗಿ ಬರುತ್ತವೆ. ಕಲೆಯಾದ ಕಾಯಿಗಳನ್ನು ಕಿತ್ತುಹಾಕಿ.

ಎಲೆಯ ಬೆನ್ನಿನಲ್ಲಿರುವವರು

ಕೀಟಗಳ ವಿಷಯದಲ್ಲಿ ನಾನು ಕೊಡುವ ಸಲಹೆ ಸಿಂಪಡಣೆಯಿಂದಲ್ಲ, ಒಂದು ಹಾಳೆ ಬಿಳಿ ಕಾಗದದಿಂದ ಶುರುವಾಗುತ್ತದೆ. ಮಂಕಾಗಿ, ಸೂಜಿಮೊನೆಯಿಂದ ಚುಚ್ಚಿದಂತೆ ಚುಕ್ಕಿ ಚುಕ್ಕಿಯಾದ ಎಲೆಯ ಕೆಳಗೆ ಕಾಗದ ಹಿಡಿದು ರೆಂಬೆಯನ್ನು ಎರಡು ಬಾರಿ ಕೊಡವಿ, ಅರ್ಧ ನಿಮಿಷ ಸುಮ್ಮನೆ ನೋಡಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗಿದರೆ ಅವು ನುಸಿಗಳು; ಬೆರಳಿನಿಂದ ಒರೆಸಿದರೆ ಕೆಂಪು ಅಥವಾ ಹಸಿರು ಗೆರೆ ಮೂಡುತ್ತದೆ. ನುಸಿಗಳು ಬಿಸಿಯಾದ ಒಣ ಹವೆಯನ್ನು ಬಯಸುತ್ತವೆ, ಎರಡು ಮೂರು ದಿನಗಳಿಗೊಮ್ಮೆ ಎಲೆಯ ಬೆನ್ನಿಗೆ ರಭಸವಾಗಿ ನೀರು ಹೊಡೆಯುವುದರಿಂದಲೇ ಅವುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ.

ಮೆಣಸಿನ ಗಿಡದ ಎಲೆ ಮುರುಟುವುದಕ್ಕೆ ಕಾರಣವನ್ನು ಮುರುಟಿದ ದಿಕ್ಕೇ ಹೇಳುತ್ತದೆ. ಅಂಚುಗಳು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೆಳಕ್ಕೆ ಮಗುಚಿದ ದೋಣಿಯಂತೆ ಬಾಗಿ ತೊಟ್ಟು ಉದ್ದವಾಗಿದ್ದರೆ ನುಸಿ. ಎಲೆ ಸಣ್ಣದಾಗಿ, ಸುಕ್ಕುಗಟ್ಟಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡವೇ ಗಿಡ್ಡಾಗಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ (ವೈರಸ್ ರೋಗ) ಆಗಿರುವ ಸಾಧ್ಯತೆ ಹೆಚ್ಚು. ನಂಜುರೋಗಕ್ಕೆ ಮದ್ದಿಲ್ಲ. ಎಷ್ಟೇ ಮರುಕವಾದರೂ ಅಂತಹ ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕುವುದು ಪಕ್ಕದ ಗಿಡಗಳಿಗೆ ಮಾಡುವ ಉಪಕಾರ.

ಹತ್ತಿಯಂತಹ ಬಿಳಿ ಪುಡಿ ಹೊದ್ದ ಹಿಟ್ಟು ತಿಗಣೆ, ಸಸ್ಯಹೇನು, ಬಿಳಿನೊಣಗಳು ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟಾಗಿ ವಿಸರ್ಜಿಸುತ್ತವೆ. ಆ ಅಂಟಿಗೆ ಇರುವೆಗಳು ಬರುತ್ತವೆ, ಅದರ ಮೇಲೆಯೇ ಮಸಿಯಂತಹ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗಳು ಈ ಕೀಟಗಳನ್ನು ಅವುಗಳ ಶತ್ರುಗಳಿಂದ ಕಾಯುವುದೂ ಉಂಟು, ಆದ್ದರಿಂದ ಗಿಡದ ಕಾಂಡದ ಮೇಲೆ ಇರುವೆ ಸಾಲು ಕಂಡರೆ ಕುಡಿಗಳತ್ತ ನೋಡಬೇಕು. ಹಿಟ್ಟು ತಿಗಣೆ ನಾಲ್ಕಾರು ಇದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು. ಹೆಚ್ಚಿದ್ದರೆ ಬೇವಿನ ಎಣ್ಣೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿಲೀಟರ್ ಎಣ್ಣೆ, 1ರಿಂದ 2 ಮಿಲಿಲೀಟರ್ ದ್ರವ ಸೋಪು. ಎಣ್ಣೆಯನ್ನು ಮೊದಲು ಸೋಪಿನೊಂದಿಗೆ ಕಲಸಿ ಆಮೇಲೆ ನೀರು ಸೇರಿಸದಿದ್ದರೆ ಎಣ್ಣೆ ತೇಲಿ, ಕೊನೆಯಲ್ಲಿ ಬಂದ ದಪ್ಪ ದ್ರವ ಎಲೆಯನ್ನು ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಬೇಕು, ಸಂಜೆಯಲ್ಲಿ ಎಲೆಯ ಬೆನ್ನು ತೋಯುವಂತೆ ಹೊಡೆಯಬೇಕು, ಅರಳಿದ ಹೂಗಳಿಗೆ ತಾಗಿಸಬಾರದು. ಮೊದಲು ಒಂದೆರಡು ಎಲೆಗಳಿಗೆ ಹೊಡೆದು ಎರಡು ದಿನ ಕಾದು ನೋಡಿ. ಇದು ಕೀಟವನ್ನು ಕೂಡಲೇ ಕೊಲ್ಲುವ ವಿಷವಲ್ಲ. ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದ ಮೇಲಷ್ಟೇ ಫಲವನ್ನು ಅಳೆಯಬೇಕು.

ಸಸ್ಯಹೇನುಗಳ ನಡುವೆ ಕಪ್ಪು ಮೈಯ, ಕಿತ್ತಳೆ ಚುಕ್ಕೆಯ, ಪುಟ್ಟ ಮೊಸಳೆಯಂತಹ ಹುಳು ಓಡಾಡುತ್ತಿದ್ದರೆ ಅದನ್ನು ಹಿಸುಕಬೇಡಿ, ಅದು ಗುಲಗಂಜಿ ಹುಳುವಿನ ಮರಿ, ಹೇನುಗಳನ್ನೇ ತಿಂದು ಬೆಳೆಯುವಂಥದ್ದು. ಕಂಡದ್ದನ್ನೆಲ್ಲ ಕೊಲ್ಲುವ ಕೀಟನಾಶಕಗಳನ್ನು ಕೈತೋಟದಲ್ಲಿ ಬಳಸಬಾರದೆನ್ನುವುದು ಇದಕ್ಕಾಗಿಯೇ. ಶತ್ರುಗಳು ಸತ್ತ ಮೇಲೆ ನುಸಿಗಳು ಮೊದಲಿಗಿಂತ ಹೆಚ್ಚಾಗಿ ಮರಳುತ್ತವೆ. ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವಿಗಂತೂ ಸಿಂಪಡಣೆಯೇ ಬೇಡ, ಅದು ಎಲೆಯ ಎರಡು ಪದರಗಳ ನಡುವೆ ಇರುತ್ತದೆ. ಎಲೆಯನ್ನು ಕಿತ್ತರೆ ಮುಗಿಯಿತು.

ಎಲೆಗೆ ಬಿಳಿ ಪುಡಿ ಬಳಿದಂತೆ ಕಾಣುವ ಬೂದಿ ರೋಗ ಎಲೆ ತೋಯುವುದರಿಂದ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಅದರ ಬೀಜಕಣ ಮೊಳೆಯಲು ಎಲೆಯ ಮೇಲೆ ನೀರು ಬೇಕಿಲ್ಲ. ಗಾಳಿಯಾಡದ ಒತ್ತೊತ್ತಾದ ನೆಡುವಿಕೆ, ನೆರಳು, ಗಾಳಿಯಲ್ಲಿನ ತೇವ ಸಾಕು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆಯಾದರೂ ಸಿಂಪಡಿಸುವುದು ಅಜ್ಜಿ ಮದ್ದಿನಂತೆ ಕೇಳಿಸಿದರೂ 1999ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗದಲ್ಲಿ ಕುಂಬಳ ಜಾತಿಯ ಜುಕಿನಿ ಗಿಡಗಳ ಮೇಲೆ ಅದು ಕೆಲಸ ಮಾಡಿತ್ತು. ರೋಗ ಎಲೆಯನ್ನೆಲ್ಲ ಆವರಿಸಿದ ಮೇಲೆ ಹೊಡೆದರೆ ಹಾಲು ದಂಡ.

ಟೊಮೆಟೊ ಅಥವಾ ಬದನೆ ಗಿಡ ಹಸಿರಾಗಿದ್ದಂತೆಯೇ ಒಂದೆರಡು ದಿನಗಳಲ್ಲಿ ಇಡಿಯಾಗಿ ಕುಸಿದರೆ ಒಂದು ಪರೀಕ್ಷೆ ಮಾಡಿ. ಬುಡದ ಬಳಿಯಿಂದ ಬೆರಳುದ್ದದ ಕಾಂಡವನ್ನು ಕತ್ತರಿಸಿ, ಪಾರದರ್ಶಕ ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಹಾಲಿನಂತಹ ಬಿಳಿ ಎಳೆಗಳು ನೀರಿನಲ್ಲಿ ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ಆ ಎಳೆಗಳು ನೀರಿನ ನಾಳಗಳನ್ನು ಮುಚ್ಚಿಹಾಕಿದ್ದ ಬ್ಯಾಕ್ಟೀರಿಯಾಗಳ ರಾಶಿ. ಇದಕ್ಕೂ ಮದ್ದಿಲ್ಲ. ಗಿಡವನ್ನು ಮಣ್ಣಿನ ಸಮೇತ ತೆಗೆದುಹಾಕಿ, ಆ ಪಾತಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ನೆಡಬೇಡಿ. ಬಳಸಿದ ಸಲಿಕೆಯನ್ನು ತೊಳೆದಿಡಿ. ಕಿತ್ತ ಗಿಡದ ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಕೆಲಸ. ಅಲ್ಲಿ ಒಂದು ಋತುವಿನುದ್ದಕ್ಕೂ ಚೆಂಡುಹೂವನ್ನೇ ಒತ್ತಾಗಿ ಬೆಳೆದರೆ ಹುಳುಗಳ ಸಂಖ್ಯೆ ಇಳಿಯುತ್ತದೆ, ಬದಿಯಲ್ಲಿ ಒಂದೆರಡು ಗಿಡ ನೆಟ್ಟರೆ ಆಗುವುದಿಲ್ಲ.

ಯಾವ ಗಿಡ, ಎಲ್ಲಿಗೆ

ಇಷ್ಟೆಲ್ಲ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟುವುದು ಗಿಡವನ್ನು ಆಯ್ದ ದಿನವೇ. ಗಿಡ ತರುವ ಮೊದಲು ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ಜಾಗವನ್ನು ನೋಡಿ, ನೇರ ಬಿಸಿಲು ಬಿದ್ದ ಗಂಟೆಗಳನ್ನು ಬರೆದಿಡಿ. ಋತು ಬದಲಾದಂತೆ ಸೂರ್ಯನ ಹಾದಿ ವಾಲುವುದರಿಂದ ಆರು ತಿಂಗಳ ನಂತರ ಇನ್ನೊಮ್ಮೆ ಈ ಲೆಕ್ಕ ಮಾಡಬೇಕಾಗುತ್ತದೆ. ಆರರಿಂದ ಎಂಟು ಗಂಟೆ ಬಿಸಿಲಿದ್ದರೆ ಟೊಮೆಟೊ, ಮೆಣಸು, ಬದನೆ, ಬಳ್ಳಿ ತರಕಾರಿಗಳು, ಗುಲಾಬಿ, ದಾಸವಾಳ ಒಗ್ಗುತ್ತವೆ. ಮೂರು ನಾಲ್ಕು ಗಂಟೆಯೆಂದರೆ ಸೊಪ್ಪು, ಪುದೀನ, ಕೊತ್ತಂಬರಿ. ನೇರ ಬಿಸಿಲೇ ಇಲ್ಲದ ಕಡೆ ಕಾಯಿ ಬಿಡುವ ಗಿಡವನ್ನು ನೆಟ್ಟು ಗೊಬ್ಬರದಿಂದ ಸರಿದೂಗಿಸಲು ಹೊರಡುವುದು ವ್ಯರ್ಥ, ಗೊಬ್ಬರ ಬೆಳಕಿನ ಬದಲಿಯಲ್ಲ.

ಕುಂಡದ ಗಾತ್ರದಲ್ಲಿ ಜಿಪುಣತನ ಬೇಡ, ಅತಿಯಾದ ಉದಾರತೆಯೂ ಬೇಡ. ಸೊಪ್ಪಿಗೆ 15 ಸೆಂಟಿಮೀಟರ್ ಆಳ, ಮೆಣಸಿನ ಗಿಡಕ್ಕೆ 10 ಲೀಟರ್, ಟೊಮೆಟೊಗೆ 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕು. ಆದರೆ ಬೆರಳುದ್ದದ ಸಸಿಯನ್ನು ನೇರವಾಗಿ ದೊಡ್ಡ ತೊಟ್ಟಿಗೆ ನೆಟ್ಟರೆ ಬೇರು ತಲುಪದ ಮಣ್ಣು ಆರದೆ ಜೌಗಾಗುತ್ತದೆ; ಒಂದೊಂದೇ ಗಾತ್ರ ಏರಿಸುತ್ತ ಹೋಗುವುದು ಒಳ್ಳೆಯದು. ಟೊಮೆಟೊ ಸಸಿಯನ್ನು ಮಾತ್ರ ಮೊದಲ ಎಲೆಗಳವರೆಗೆ ಆಳವಾಗಿ ಹೂಳಬಹುದು, ಮಣ್ಣಿನೊಳಗಾದ ಕಾಂಡದಿಂದಲೂ ಅದಕ್ಕೆ ಬೇರು ಬರುತ್ತದೆ.

ಹಣ್ಣಿನ ಗಿಡವಾದರೆ ಕಸಿ ಗಿಡವನ್ನೇ ಆರಿಸಿ. ಬೀಜದಿಂದ ಬೆಳೆದ ನಿಂಬೆ, ಮಾವು ಹಣ್ಣು ಕೊಡಲು ಹಲವು ವರ್ಷ ಕಾಯಿಸುತ್ತವೆ, ತಾಯಿಗಿಡದ ಗುಣ ಬರುತ್ತದೆಂಬ ಭರವಸೆಯೂ ಎಲ್ಲ ತಳಿಗಳಲ್ಲಿ ಇಲ್ಲ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡಕೂಡಲೇ ಮುರಿಯಬೇಕು. ಗುಲಾಬಿಯಲ್ಲಿ ಎಲೆಯ ರೂಪವೇ ಬೇರೆಯಾಗಿ, ರಭಸದಿಂದ ಏಳುವ ಕೊಂಬೆ ಹೆಚ್ಚಾಗಿ ಬೇರುಗಿಡದ್ದು (ಕಸಿಗೆ ಬುಡವಾಗಿ ಬಳಸಿದ ಗಿಡದ್ದು), ಬಿಟ್ಟರೆ ಮೇಲಿನ ಒಳ್ಳೆಯ ತಳಿಯನ್ನು ನುಂಗಿಹಾಕುತ್ತದೆ. ಕಾಗದದ ಹೂವಿನ ಗಿಡ ಎಲೆಯನ್ನಷ್ಟೇ ಬಿಡುತ್ತಿದ್ದರೆ ನೀರು ಕಡಿಮೆ ಮಾಡಿ, ಪೂರ್ಣ ಬಿಸಿಲಿಗೆ ಸರಿಸಿ. ಮಲ್ಲಿಗೆಯನ್ನು ಹೂವಿನ ಸುಗ್ಗಿ ಮುಗಿದ ಮೇಲೆ ಸವರಬೇಕು.

ಮನೆಯೊಳಗೆ ಕಡಿಮೆ ಬೆಳಕಿಗೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್‌ಗಳನ್ನು ನಂಬಬಹುದು. ಅವು ಕತ್ತಲೆಯನ್ನು ಇಷ್ಟಪಡುವುದಿಲ್ಲ, ಸಹಿಸುತ್ತವೆ ಅಷ್ಟೆ; ಬೆಳವಣಿಗೆ ನಿಧಾನವಾಗಿರುವುದರಿಂದ ನೀರೂ ಅಪರೂಪವಾಗಿರಬೇಕು. ಗಾಳಿ ಶುದ್ಧಿಗಾಗಿ ಗಿಡ ಇಡುವುದಾದರೆ ನಿರೀಕ್ಷೆಯನ್ನು ತಗ್ಗಿಸಿಕೊಳ್ಳಿ. ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ಮಾತಿಗೆ ಆಧಾರವಾದ 1989ರ ನಾಸಾ ಅಧ್ಯಯನ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿಯ ಗಾಳಿಗೆ ಸಮನಾದ ಪರಿಣಾಮ ಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಲೆಕ್ಕಹಾಕಿತು. ಪುಟ್ಟ ಮಕ್ಕಳೋ ಸಾಕುಪ್ರಾಣಿಗಳೋ ಇರುವ ಮನೆಗೆ ಕಣಗಿಲೆ ಬೇಡವೇ ಬೇಡ, ಅದರ ಎಲ್ಲ ಭಾಗವೂ ವಿಷ. ಮನಿ ಪ್ಲಾಂಟ್ ಮತ್ತು ಡೈಫೆನ್‌ಬೇಕಿಯಾ ಎಲೆಗಳನ್ನು ಅಗಿದರೆ ಸೂಜಿಯಂತಹ ಹರಳುಗಳಿಂದ ಬಾಯಿ ಉರಿದು ಊದಿಕೊಳ್ಳುತ್ತದೆ. ಬೆಕ್ಕುಗಳಿಗೆ ಲಿಲಿ ಜಾತಿಯ ಹೂವು ಪ್ರಾಣಾಂತಿಕ.

ಸಸಿ ಕೊಳ್ಳುವಾಗ ಮೈತುಂಬ ಹೂವಿರುವುದಕ್ಕಿಂತ ಮೊಗ್ಗಿರುವ, ಗಿಡ್ಡನೆಯ, ದಪ್ಪ ಕಾಂಡದ ಗಿಡವನ್ನು ಆರಿಸಿ. ಸಾಧ್ಯವಾದರೆ ಚೀಲವನ್ನು ಮೆಲ್ಲನೆ ಜಾರಿಸಿ ಬೇರನ್ನು ನೋಡಿ. ಹಗ್ಗದಂತೆ ಸುತ್ತು ಸುತ್ತಾಗಿ ಹೆಣೆದುಕೊಂಡಿದ್ದರೆ ಬೇರೊಂದನ್ನು ತೆಗೆದುಕೊಳ್ಳಿ. ಮನೆಗೆ ತಂದ ಗಿಡವನ್ನು ಹದಿನೈದು ದಿನ ಉಳಿದವುಗಳಿಂದ ದೂರವಿಡಿ, ಅಷ್ಟರಲ್ಲಿ ಮೊಟ್ಟೆಯಲ್ಲಿದ್ದ ಕೀಟಗಳು ಹೊರಬಂದು ಕಣ್ಣಿಗೆ ಬೀಳುತ್ತವೆ. ಹದಿನೈದನೆಯ ದಿನ ಎಲೆಗಳ ಬೆನ್ನನ್ನೂ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದುಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ, ಹತ್ತಿಯಂತಹ ಬಿಳಿ ಅಂಟು ಎಲ್ಲಿಯೂ ಕಾಣದಿದ್ದರೆ ಮಾತ್ರ ಅದನ್ನು ಸಾಲಿಗೆ ಸೇರಿಸಿ.